ತಲೆಗೆ ಪೆಟ್ಟಾಗಿ ಮೂರು ತಿಂಗಳು, ಸ್ಕ್ಯಾನ್ ನಾರ್ಮಲ್: ಡಿಟಿಐ ಮಾಡಿಸಬೇಕಾ?

ಪ್ರಶ್ನೆ: ಮೂರು ತಿಂಗಳ ಹಿಂದೆ ರಾತ್ರಿ ಹಾಸನದಿಂದ ವಾಪಸ್ ಬರುವಾಗ ಹಂಪ್ ಕಾಣದೆ ಬೈಕ್ ಹಾರಿತು. ಹಿಂದೆ ಕೂತಿದ್ದ ನಮ್ಮ ಮನೆಯವರು ಬಿದ್ದರು. ಅವರಿಗೆ 38 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಹೆಲ್ಮೆಟ್ ಇತ್ತು. ಒಂದೆರಡು ನಿಮಿಷ ಎಚ್ಚರ ಇರಲಿಲ್ಲ, ಆಸ್ಪತ್ರೆ ತಲುಪುವವರೆಗೆ ನಡೆದಿದ್ದು ಇವತ್ತಿಗೂ ನೆನಪಿಲ್ಲ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು, ಮಾರನೇ ದಿನ ಮನೆಗೆ ಕಳಿಸಿದರು. ಮೂರು ವಾರ ಆದಮೇಲೆ 1.5 ಟೆಸ್ಲಾ ಎಂಆರ್‌ಐ ಮಾಡಿಸಿದೆವು, ಅದೂ ನಾರ್ಮಲ್. ಆದರೆ ತಲೆನೋವು ಹೋಗಿಲ್ಲ. ಕ್ಲಾಸಿನ ಗದ್ದಲ ತಡೆಯೋಕೆ ಆಗಲ್ಲ ಅಂತಾರೆ. ಮಕ್ಕಳ ಹೆಸರು ಮರೆತುಹೋಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ತಿರುಗುತ್ತದೆ. ನೆಂಟರೆಲ್ಲ ‘ರಿಪೋರ್ಟ್ ನಾರ್ಮಲ್ ಇದೆಯಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಅಂತಾರೆ. ಒಂದು ಸ್ಕ್ಯಾನ್ ಸೆಂಟರಿನವರು ಡಿಟಿಐ ಅಂತ ಹೊಸ ಸ್ಕ್ಯಾನ್ ಇದೆ, ಅದರಲ್ಲಿ ಒಳಪೆಟ್ಟು ಬಣ್ಣದಲ್ಲಿ ಕಾಣುತ್ತದೆ ಎಂದರು. ಇನ್ಶೂರೆನ್ಸ್ ಕ್ಲೇಮ್‌ಗೂ ಅನುಕೂಲ ಅಂತ ವಕೀಲರು ಹೇಳುತ್ತಿದ್ದಾರೆ. ಮಾಡಿಸಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿದ್ದು ಸರಿ ಇದ್ದರೆ ನಿಮ್ಮ ಮನೆಯವರ ಮೆದುಳಿಗೆ ಪೆಟ್ಟಾಗಿದೆ. ಅದನ್ನು ಒಪ್ಪಿಕೊಳ್ಳೋಕೆ ಇನ್ನೊಂದು ಸ್ಕ್ಯಾನ್ ಬೇಕಾಗಿಲ್ಲ. ಡಿಟಿಐಗೆ ಈಗ ದುಡ್ಡು ಹಾಕಬೇಡಿ. ನಾನು ರೇಡಿಯಾಲಜಿಯವನು, ಮೆದುಳಿನ ಸ್ಕ್ಯಾನ್ ಓದುವುದೇ ನನ್ನ ಕೆಲಸ, ಈ ಹೊಸ ವಿಧಾನಗಳ ಮೇಲೆ ನನಗೆ ತುಂಬಾ ಆಸಕ್ತಿಯೂ ಇದೆ. ಆದರೂ ಹೀಗೆ ಹೇಳುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದು ನಿಮ್ಮೊಬ್ಬರ ಪ್ರಶ್ನೆ ಅಲ್ಲ.

ಎಚ್ಚರ ತಪ್ಪಿದ್ದು 30 ನಿಮಿಷದೊಳಗೆ, ಪೆಟ್ಟಿನ ನಂತರದ ಮರೆವು 24 ಗಂಟೆಯೊಳಗೆ, ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 13ರಿಂದ 15 ಅಂಕ. ಇಷ್ಟಿದ್ದರೆ ಅದನ್ನು ಸೌಮ್ಯ ಮೆದುಳು ಪೆಟ್ಟು ಎನ್ನುತ್ತಾರೆ. ಅಮೆರಿಕನ್ ಕಾಂಗ್ರೆಸ್ ಆಫ್ ರಿಹ್ಯಾಬಿಲಿಟೇಶನ್ ಮೆಡಿಸಿನ್ 1993ರಲ್ಲಿ ಕೊಟ್ಟ ಲೆಕ್ಕ ಇದು, 2023ರಲ್ಲಿ ಅದನ್ನು ಪರಿಷ್ಕರಿಸಿದರು. ಸ್ಕ್ಯಾನ್‌ನಲ್ಲಿ ಏನಾದರೂ ಕಾಣಲೇಬೇಕು ಎಂಬ ಷರತ್ತು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಿದ್ದ ರೀತಿ, ಎಚ್ಚರ ತಪ್ಪಿದ್ದು, ನೆನಪಿನಲ್ಲಿ ಬಿಟ್ಟುಹೋದ ಆ ತುಂಡು, ಇವುಗಳ ಮೇಲೆ ಡಾಕ್ಟರು ರೋಗ ನಿರ್ಧಾರ ಮಾಡುತ್ತಾರೆ. ನಿಮ್ಮ ಮನೆಯವರಿಗೆ ಇವು ಮೂರೂ ಇವೆ.

ಹಾಗಾದರೆ ಸಿಟಿ ಯಾಕೆ ನಾರ್ಮಲ್ ಬಂತು? ಎಮರ್ಜೆನ್ಸಿಯಲ್ಲಿ ಸಿಟಿ ಮಾಡುವುದು ಒಂದೇ ಪ್ರಶ್ನೆಗೆ ಉತ್ತರ ಹುಡುಕಲು. ಈಗ ಆಪರೇಶನ್ ಬೇಕಾ, ಅಥವಾ ಐಸಿಯುನಲ್ಲಿ ಇಟ್ಟು ನೋಡಬೇಕಾ? ತಲೆಬುರುಡೆ ಬಿರುಕು, ಒಳಗೆ ರಕ್ತ, ಬಾವು, ಇವು ಸಿಟಿಯಲ್ಲಿ ನಿಮಿಷಗಳಲ್ಲಿ ಗೊತ್ತಾಗುತ್ತವೆ. ಯಾರಿಗೆ ಸಿಟಿ ಬೇಕು ಎಂದು ತೀರ್ಮಾನಿಸಲು ಬಹಳ ಕಡೆ ಬಳಸುವ ಕೆನಡಿಯನ್ ಸಿಟಿ ಹೆಡ್ ರೂಲ್ 2001ರಲ್ಲಿ ಬಂತು. ಅದನ್ನು ರೂಪಿಸಿದ್ದೂ ಇದೇ ಉದ್ದೇಶಕ್ಕೆ. ಎರಡು ಅಥವಾ ಹೆಚ್ಚು ಸಲ ವಾಂತಿ, 65 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು, ಎರಡು ಗಂಟೆಯಾದರೂ ಪೂರ್ತಿ ಎಚ್ಚರಕ್ಕೆ ಬಾರದಿರುವುದು ಇಂಥವನ್ನು ನೋಡುತ್ತದೆ. ಹಾಗಾಗಿ ಸಿಟಿ ನಾರ್ಮಲ್ ಅಂದರೆ ಜೀವಕ್ಕೆ ತಕ್ಷಣದ ಅಪಾಯ ಇಲ್ಲ ಎಂದು ಅರ್ಥ. ಅದು ದೊಡ್ಡ ಸಮಾಧಾನದ ವಿಷಯವೇ. ಪೆಟ್ಟೇ ಆಗಿಲ್ಲ ಅಂತ ಮಾತ್ರ ಅದು ಹೇಳುವುದಿಲ್ಲ, ಹೇಳುವ ಶಕ್ತಿಯೂ ಅದಕ್ಕಿಲ್ಲ.

ಪೆಟ್ಟು ಎಲ್ಲಿ ಆಗುತ್ತದೆ ಅನ್ನುವುದು ತಿಳಿದರೆ ಉಳಿದಿದ್ದೆಲ್ಲ ಸುಲಭ. 1943ರಲ್ಲಿ ಆಕ್ಸ್‌ಫರ್ಡಿನ ಹಾಲ್ಬೋರ್ನ್ ಎಂಬ ಭೌತವಿಜ್ಞಾನಿ ಜೆಲಾಟಿನ್‌ನಲ್ಲಿ ಮೆದುಳಿನ ಮಾದರಿ ಮಾಡಿ, ಅದನ್ನು ತಿರುಗಿಸಿ ಪರೀಕ್ಷೆ ಮಾಡಿದರು. ತಲೆ ನೇರವಾಗಿ ಗುದ್ದಿದ್ದಕ್ಕಿಂತ ಗಕ್ಕನೆ ತಿರುಗಿದಾಗ ಮೆದುಳಿನ ಒಳಗೆ ಹೆಚ್ಚು ಎಳೆದಾಟ ಆಗುತ್ತದೆ ಎಂದು ತೋರಿಸಿದರು. ಬೈಕಿನಿಂದ ಬಿದ್ದಾಗ ತಲೆ ಬರೀ ಬಡಿಯುವುದಿಲ್ಲ, ತಿರುಗುತ್ತದೆ. ಹೆಲ್ಮೆಟ್ ಬುರುಡೆಯನ್ನು ಕಾಪಾಡುತ್ತದೆ, ರಕ್ತಸ್ರಾವದ ಅಪಾಯವನ್ನೂ ಇಳಿಸುತ್ತದೆ. ನಿಮ್ಮ ಮನೆಯವರ ಸಿಟಿ ನಾರ್ಮಲ್ ಇರುವುದರಲ್ಲಿ ಆ ಹೆಲ್ಮೆಟ್‌ನ ಪಾಲು ದೊಡ್ಡದಿರಬೇಕು. ಆದರೆ ತಿರುಗುವ ರಭಸವನ್ನು ಅದು ಪೂರ್ತಿ ತಡೆಯಲಾರದು. ಆ ರಭಸಕ್ಕೆ ಎಳೆಸಿಕೊಳ್ಳುವುದು ಆಕ್ಸಾನ್‌ಗಳು, ಅಂದರೆ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳು. ಒಂದು ತಂತುವಿನ ದಪ್ಪ ಸುಮಾರಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗ. ಹೆಚ್ಚಿನವು ತುಂಡಾಗುವುದಿಲ್ಲ. ಎಳೆದ ಕಡೆ ಒಳಗಿನ ಸಾಗಾಟದ ವ್ಯವಸ್ಥೆ ಕೆಡುತ್ತದೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ, ಅದನ್ನು ಸರಿಪಡಿಸಲು ಜೀವಕೋಶಗಳಿಗೆ ಸಿಕ್ಕಾಪಟ್ಟೆ ಶಕ್ತಿ ಬೇಕಾಗುತ್ತದೆ. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಇದ್ಯಾವುದೂ ಸಿಟಿಯ ಕಣ್ಣಿಗೆ ಬೀಳುವ ಗಾತ್ರದ್ದಲ್ಲ.

ಈಗ ಎಂಆರ್‌ಐ ವಿಷಯ. ಇಲ್ಲಿ ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಮಾತಿದೆ. ಎಂಆರ್‌ಐ ಅಂದರೆ ಒಂದೇ ಫೋಟೋ ಅಲ್ಲ. ಒಂದೇ ಯಂತ್ರದಲ್ಲಿ ಬೇರೆ ಬೇರೆ ಸೀಕ್ವೆನ್ಸ್‌ಗಳನ್ನು ಓಡಿಸುತ್ತಾರೆ, ಒಂದೊಂದಕ್ಕೂ ಒಂದೊಂದು ಕಾಣುತ್ತದೆ. ತಲೆಪೆಟ್ಟಿನಲ್ಲಿ ಮುಖ್ಯವಾದದ್ದು ಎಸ್‌ಡಬ್ಲ್ಯುಐ. ರಕ್ತದಲ್ಲಿರುವ ಕಬ್ಬಿಣದ ಅಂಶ ಸುತ್ತಲಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ, ಎಸ್‌ಡಬ್ಲ್ಯುಐ ಅದನ್ನೇ ಹಿಡಿದು ಕಪ್ಪು ಚುಕ್ಕೆಯಾಗಿ ತೋರಿಸುತ್ತದೆ. ಸಿಟಿಯಲ್ಲಿ ಸುಳಿವೂ ಸಿಗದ ಸಣ್ಣ ರಕ್ತಸ್ರಾವ ಇದರಲ್ಲಿ ಸಿಗಬಹುದು. ಮೆದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್‌ನಲ್ಲಿ, ಅಥವಾ ಮೆದುಳಿನ ಹೊರಪದರ ಮತ್ತು ಒಳಗಿನ ಬಿಳಿ ಭಾಗ ಸೇರುವ ಗಡಿಯಲ್ಲಿ ಇಂಥ ಚುಕ್ಕೆಗಳಿದ್ದರೆ ತಂತುಗಳು ಎಳೆಸಿಕೊಂಡ ಜಾಗ ಅದು ಎಂದು ಅನುಮಾನ ಪಡಬಹುದು. ತಿಂಗಳುಗಳು ಕಳೆದರೂ ಆ ಕಬ್ಬಿಣದ ಕುರುಹು ಉಳಿದಿರುತ್ತದೆ, ಆದ್ದರಿಂದ ಮೂರು ತಿಂಗಳಾಯಿತು, ತಡವಾಯಿತು ಅನ್ನುವ ಹಾಗಿಲ್ಲ. ಟೆಸ್ಲಾ ಅಂದರೆ ಯಂತ್ರದ ಆಯಸ್ಕಾಂತದ ಬಲದ ಅಳತೆ, 1.5 ಟೆಸ್ಲಾಕ್ಕಿಂತ 3 ಟೆಸ್ಲಾ ಯಂತ್ರದಲ್ಲಿ ಇವು ಚೆನ್ನಾಗಿ ಕಾಣುತ್ತವೆ.

ಇದು ಬರೀ ತಾಂತ್ರಿಕ ಮಾತಲ್ಲ. ಅಮೆರಿಕದಲ್ಲಿ ಟ್ರ್ಯಾಕ್-ಟಿಬಿಐ ಎಂಬ ದೊಡ್ಡ ಅಧ್ಯಯನ ನಡೆದಿದೆ, ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದರ ಮುಂದಾಳು. 2019ರಲ್ಲಿ ಅವರು ಪ್ರಕಟಿಸಿದ ಒಂದು ಲೆಕ್ಕ ನೋಡಿ: ತಲೆಗೆ ಪೆಟ್ಟಾಗಿ ಸಿಟಿ ನಾರ್ಮಲ್ ಇದ್ದ 450 ಜನರಿಗೆ ಎಂಆರ್‌ಐ ಮಾಡಿದಾಗ 120 ಜನರಲ್ಲಿ ಪೆಟ್ಟಿನ ಗುರುತು ಸಿಕ್ಕಿತು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಅದೇ ತಂಡದ 2013ರ ಅಧ್ಯಯನದಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ಎಂಆರ್‌ಐಯಲ್ಲಿ ಒಂದಾದರೂ ಜಜ್ಜಿದ ಗಾಯ ಇದ್ದವರು, ಇಲ್ಲವೇ ಅಂಥ ರಕ್ತದ ಚುಕ್ಕೆಗಳು ನಾಲ್ಕು ಅಥವಾ ಹೆಚ್ಚು ಇದ್ದವರು ಮೂರು ತಿಂಗಳಾದಾಗ ಉಳಿದವರಷ್ಟು ಚೇತರಿಸಿಕೊಂಡಿರಲಿಲ್ಲ. ಅಂದರೆ ಆ ಚುಕ್ಕೆಗಳಿಗೆ ಅರ್ಥ ಇದೆ. ಹಾಗೆಯೇ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಿ: 330 ಜನರಿಗೆ ಎಂಆರ್‌ಐ ಕೂಡ ನಾರ್ಮಲ್. ಅವರಿಗೂ ತಲೆಗೆ ಪೆಟ್ಟಾಗಿತ್ತು, ಆಸ್ಪತ್ರೆಗೆ ಬಂದಿದ್ದರು. ನಿಮ್ಮ ಮನೆಯವರು ಈ ದೊಡ್ಡ ಗುಂಪಿನಲ್ಲಿದ್ದಾರೆ, ಅಷ್ಟೇ.

ಆದ್ದರಿಂದ ಮೊದಲು ಹಳೇ ಎಂಆರ್‌ಐ ಸಿಡಿ ತೆಗೆದುಕೊಂಡು ಹೋಗಿ ಅದರಲ್ಲಿ ಎಸ್‌ಡಬ್ಲ್ಯುಐ ಮಾಡಿದ್ದಾರಾ ಅಂತ ಕೇಳಿ. ರಿಪೋರ್ಟ್‌ನ ಮೇಲ್ಭಾಗದಲ್ಲಿ ಯಾವ ಸೀಕ್ವೆನ್ಸ್ ಅಂತ ಬರೆದಿರುತ್ತದೆ. ಇದ್ದರೆ ನ್ಯೂರೋ ರೇಡಿಯಾಲಜಿಸ್ಟ್ ಒಬ್ಬರ ಹತ್ತಿರ ಮತ್ತೊಮ್ಮೆ ಓದಿಸಿ, ಯಾಕೆಂದರೆ ಸಣ್ಣ ರಕ್ತನಾಳ ಅಡ್ಡ ಕತ್ತರಿಸಿದಂತೆ ಕಂಡಾಗಲೂ ಕಪ್ಪು ಚುಕ್ಕೆಯೇ ಕಾಣುತ್ತದೆ, ಬಹಳ ದಿನದ ಬಿಪಿ ಇದ್ದವರಲ್ಲೂ ಚುಕ್ಕೆ ಬರುತ್ತದೆ, ಯಾವುದು ಯಾವುದೆಂದು ಬಿಡಿಸಿ ಹೇಳಲು ಅಭ್ಯಾಸ ಬೇಕು. ಎಸ್‌ಡಬ್ಲ್ಯುಐ ಮಾಡೇ ಇಲ್ಲವಾದರೆ, ನಿಮ್ಮ ನ್ಯೂರಾಲಜಿಸ್ಟ್ ಒಪ್ಪಿದರೆ, 3 ಟೆಸ್ಲಾದಲ್ಲಿ ಒಂದು ಸಲ ಮಾಡಿಸುವುದಕ್ಕೆ ಕಾರಣ ಇದೆ. ಈ ಉದ್ದೇಶಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಇನ್ನು ಡಿಟಿಐ. ಇದರ ಹಿಂದಿನ ಯೋಚನೆ ನಿಜಕ್ಕೂ ಸೊಗಸಾದದ್ದು. ಮೆದುಳಿನಲ್ಲಿ ನೀರಿನ ಕಣಗಳು ಸದಾ ಓಡಾಡುತ್ತಿರುತ್ತವೆ. ಕಬ್ಬಿನ ಹೊರೆ ಮೇಲೆ ನೀರು ಹೊಯ್ದರೆ ಅದು ಜಲ್ಲೆಯ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡ ಹರಿಯಲು ಕಷ್ಟ. ನರತಂತುಗಳ ಕಟ್ಟಿನಲ್ಲೂ ಹಾಗೇ. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಅವರ ಜೊತೆಗಾರರು ಈ ಓಡಾಟದ ದಿಕ್ಕನ್ನು ಎಂಆರ್‌ಐಯಲ್ಲಿ ಅಳೆಯುವ ಗಣಿತ ಕೊಟ್ಟರು. ನೀರು ಒಂದೇ ದಿಕ್ಕಿಗೆ ಎಷ್ಟು ಕಟ್ಟುಬಿದ್ದಿದೆ ಎಂದು ಹೇಳುವ ಅಂಕಿಗೆ ಎಫ್ಎ ಎನ್ನುತ್ತಾರೆ. ಅದು 0ಯಿಂದ 1ರ ನಡುವೆ ಇರುತ್ತದೆ. ತಂತುಗಳು ಅಚ್ಚುಕಟ್ಟಾಗಿ ಒಂದೇ ಕಡೆ ಹೋಗುತ್ತಿದ್ದರೆ 1ರ ಕಡೆಗೆ, ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ 0ಯ ಕಡೆಗೆ. ತಂತುಗಳಿಗೆ ಪೆಟ್ಟಾದರೆ ಆ ಅಂಕಿ ಬದಲಾಗಬೇಕು ಅಲ್ವಾ? ಹೌದು, ಬದಲಾಗುತ್ತದೆ. ಸೆಂಟರಿನವರು ತೋರಿಸುವ ಕೆಂಪು ನೀಲಿ ಹಸಿರು ಚಿತ್ರ ಈ ಅಳತೆಯಿಂದಲೇ ಬರುವುದು. ಒಂದು ವಿಷಯ ಗಮನಿಸಿ, ಆ ಬಣ್ಣಗಳು ಪೆಟ್ಟಿನ ಬಣ್ಣಗಳಲ್ಲ. ಕೆಂಪು ಅಂದರೆ ತಂತು ಎಡದಿಂದ ಬಲಕ್ಕೆ, ಹಸಿರು ಅಂದರೆ ಮುಂದಿನಿಂದ ಹಿಂದಕ್ಕೆ, ನೀಲಿ ಅಂದರೆ ಮೇಲಿನಿಂದ ಕೆಳಕ್ಕೆ ಹೋಗುತ್ತಿದೆ ಎಂದರ್ಥ. ಪೂರ್ತಿ ಆರೋಗ್ಯವಾಗಿರುವವರ ಮೆದುಳಿನಲ್ಲೂ ಇದೇ ಬಣ್ಣಗಳು ಕಾಣುತ್ತವೆ.

ತೊಂದರೆ ಶುರುವಾಗುವುದು ಒಬ್ಬ ವ್ಯಕ್ತಿಯ ವಿಷಯಕ್ಕೆ ಬಂದಾಗ. ತಲೆಗೆ ಪೆಟ್ಟಾದ ಐವತ್ತು ಜನರನ್ನೂ ಆಗದ ಐವತ್ತು ಜನರನ್ನೂ ಇಟ್ಟು ಸರಾಸರಿ ನೋಡಿದರೆ ಎರಡು ಗುಂಪಿಗೆ ವ್ಯತ್ಯಾಸ ಕಾಣುತ್ತದೆ, ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎರಡು ಗುಂಪಿನ ಅಂಕಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಪೆಟ್ಟಾದ ಎಷ್ಟೋ ಜನರ ಎಫ್ಎ ಆರೋಗ್ಯವಂತರ ಮಟ್ಟದಲ್ಲೇ ಇರುತ್ತದೆ, ಆರೋಗ್ಯವಂತರಲ್ಲಿ ಕೆಲವರದು ಕೆಳಗಿರುತ್ತದೆ. ಹಾಗಿದ್ದಾಗ ನಿಮ್ಮ ಮನೆಯವರ ಒಂದು ಅಂಕಿ ಹಿಡಿದುಕೊಂಡು ಅವರು ಯಾವ ಗುಂಪು ಅಂತ ಹೇಳುವುದು ಹೇಗೆ? ಅಷ್ಟೇ ಅಲ್ಲ, ಪೆಟ್ಟಾದ ಮೊದಲ ದಿನಗಳಲ್ಲಿ ಎಫ್ಎ ಏರಿದ್ದನ್ನು ಕೆಲವು ಅಧ್ಯಯನಗಳು ಕಂಡವು, ಇಳಿದಿದ್ದನ್ನು ಇನ್ನು ಕೆಲವು ಕಂಡವು. ಯಾವ ದಿನ ಸ್ಕ್ಯಾನ್ ಮಾಡಿದರು, ಯಾವ ಜಾಗ ನೋಡಿದರು ಎನ್ನುವುದರ ಮೇಲೆ ಉತ್ತರವೇ ತಿರುಗುತ್ತದೆ.

ಯಂತ್ರದ ಮಿತಿಯೂ ಇದೆ. ಡಿಟಿಐ ಅಳೆಯುವ ಒಂದು ಚೌಕದ ಬದಿ ಸುಮಾರು 2 ಮಿಲಿಮೀಟರ್. ತಂತುವಿನ ದಪ್ಪ ಮೇಲೆ ಹೇಳಿದೆನಲ್ಲ, ಹಾಗಾಗಿ ಆ ಪುಟ್ಟ ಚೌಕದೊಳಗೆ ಲಕ್ಷಾಂತರ ತಂತುಗಳು ತುಂಬಿರುತ್ತವೆ. ನಮಗೆ ಸಿಗುವುದು ಅವುಗಳ ಒಟ್ಟು ಸರಾಸರಿ. ಎರಡು ಕಟ್ಟುಗಳು ಒಂದನ್ನೊಂದು ದಾಟಿ ಹೋಗುವ ಜಾಗದಲ್ಲಿ ಪೆಟ್ಟೇ ಇಲ್ಲದಿದ್ದರೂ ಎಫ್ಎ ಕಡಿಮೆ ಬರುತ್ತದೆ, ಮತ್ತು ಮೆದುಳಿನಲ್ಲಿ ಅಂಥ ಜಾಗಗಳು ವಿಪರೀತ ಇವೆ. ಸ್ಕ್ಯಾನ್ ಹೊತ್ತಿಗೆ ತಲೆ ಸ್ವಲ್ಪ ಅಲ್ಲಾಡಿದರೂ ಬದಲಾಗುತ್ತದೆ. ವಯಸ್ಸಿನಿಂದ ಬದಲಾಗುತ್ತದೆ. ಮೈಗ್ರೇನ್ ಇದ್ದವರಲ್ಲಿ, ಖಿನ್ನತೆ ಇದ್ದವರಲ್ಲಿ, ಜಾಸ್ತಿ ಕುಡಿಯುವವರಲ್ಲೂ ವ್ಯತ್ಯಾಸಗಳು ಕಂಡಿವೆ. ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಪಕ್ಕ ಹಾಗೇ ಇಟ್ಟು ನೋಡುವಂತಿಲ್ಲ. ನಿಮ್ಮ ಮನೆಯವರ ಅಪಘಾತಕ್ಕೆ ಮುಂಚಿನ ಡಿಟಿಐ ಇಲ್ಲವಲ್ಲ, ಆದ್ದರಿಂದ ಹೋಲಿಸಲು ಅದೇ ಯಂತ್ರದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಅದೇ ವಯಸ್ಸಿನ ಆರೋಗ್ಯವಂತರ ದೊಡ್ಡ ದಾಖಲೆ ಇರಬೇಕು. ಆ ಸೆಂಟರಿನವರಿಗೆ ಇದೊಂದು ಪ್ರಶ್ನೆ ಕೇಳಿ ನೋಡಿ: ‘ನಿಮ್ಮ ಯಂತ್ರದಲ್ಲಿ ಎಷ್ಟು ಜನ ಆರೋಗ್ಯವಂತರನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೀರಿ?’

ಇನ್ನೊಂದು ಸಣ್ಣ ಲೆಕ್ಕ ಇದೆ, ದಯವಿಟ್ಟು ಇದನ್ನು ತಾಳ್ಮೆಯಿಂದ ಓದಿ, ಯಾಕೆಂದರೆ ಎಷ್ಟೋ ರಿಪೋರ್ಟ್‌ಗಳು ಜನರನ್ನು ಹೆದರಿಸುವುದು ಇಲ್ಲೇ. ಡಿಟಿಐ ರಿಪೋರ್ಟ್‌ನಲ್ಲಿ ಮೆದುಳನ್ನು ಹತ್ತಾರು ಭಾಗ ಮಾಡಿ ಒಂದೊಂದರ ಎಫ್ಎ ಕೊಡುತ್ತಾರೆ. ಆರೋಗ್ಯವಂತರಲ್ಲಿ 100ಕ್ಕೆ 5 ಜನರಿಗೆ ಮಾತ್ರ ಬರುವಂಥ ಅಂಕಿಯನ್ನು ‘ಅಸಹಜ’ ಎಂದು ಕರೆಯೋಣ. ಹಾಗೆ 20 ಭಾಗ ನೋಡಿದರೆ, ಆ ಭಾಗಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡರೆ, ಏನೂ ಆಗದ ವ್ಯಕ್ತಿಯಲ್ಲೂ ಕಡೇಪಕ್ಷ ಒಂದು ಕಡೆ ‘ಅಸಹಜ’ ಎಂದು ಬರುವ ಸಾಧ್ಯತೆ 64%. 50 ಭಾಗ ನೋಡಿದರೆ 92%. ಅಂದರೆ ಜೀವನದಲ್ಲಿ ಒಮ್ಮೆಯೂ ತಲೆ ಬಡಿಸಿಕೊಳ್ಳದ ನಿಮ್ಮ ಪಕ್ಕದ ಮನೆಯವರನ್ನು ಕರೆದೊಯ್ದು ಮಾಡಿಸಿದರೂ ರಿಪೋರ್ಟ್‌ನಲ್ಲಿ ಒಂದೆರಡು ಕೆಂಪು ಗುರುತು ಬೀಳುವುದು ಸಹಜ. ಅದನ್ನು ನೋಡಿ ಒಬ್ಬ ಟೀಚರು ತನ್ನ ಮೆದುಳು ಹಾಳಾಗಿದೆ ಎಂದು ಕೊರಗುತ್ತಾ ಕೂರುವುದು ನನಗೆ ಇಷ್ಟವಿಲ್ಲ. ಇನ್ನೊಂದು ಕಡೆ, ಡಿಟಿಐಯೂ ನಾರ್ಮಲ್ ಬಂತು ಅಂದುಕೊಳ್ಳಿ, ಆಗ ನೆಂಟರು ಏನು ಹೇಳುತ್ತಾರೆ ಎಂದು ನಾನು ಬೇರೆ ಬರೆಯಬೇಕಾ? ಹೇಗೆ ಬಂದರೂ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ.

ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ. ಅಮೆರಿಕದ ನ್ಯೂರೋ ರೇಡಿಯಾಲಜಿ ತಜ್ಞರು ಇದೇ ವಿಷಯವನ್ನು ಕೂತು ಪರಿಶೀಲಿಸಿ 2015ರಲ್ಲಿ ಬರೆದಿದ್ದರ ತಿರುಳು ಇಷ್ಟೇ: ಡಿಟಿಐ, ಎಫ್‌ಎಂಆರ್‌ಐ ಮುಂತಾದವು ಸಂಶೋಧನೆಗೆ ಬಹಳ ಉಪಯುಕ್ತ, ಗುಂಪುಗಳ ಮಟ್ಟದಲ್ಲಿ ವ್ಯತ್ಯಾಸ ತೋರಿಸುತ್ತವೆ, ಒಬ್ಬ ರೋಗಿಗೆ ದಿನನಿತ್ಯದ ಪರೀಕ್ಷೆಯಾಗಿ ಬಳಸುವಷ್ಟು ಪುರಾವೆ ಇಲ್ಲ. ಅದಾದಮೇಲೆ ಸಂಶೋಧನೆ ಎಷ್ಟೋ ಮುಂದೆ ಹೋಗಿದೆ, ಆದರೂ ನಿಮ್ಮಂಥ ಒಬ್ಬರ ಕೈಗೆ ಕೊಡುವ ರಿಪೋರ್ಟ್ ವಿಷಯದಲ್ಲಿ ನಾನು ಇವತ್ತಿಗೂ ಆ ಮಾತಿಗೇ ನಿಲ್ಲುತ್ತೇನೆ.

ಉಳಿದ ಸ್ಕ್ಯಾನ್‌ಗಳ ಹೆಸರೂ ನಿಮ್ಮ ಕಿವಿಗೆ ಬೀಳುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಎಫ್‌ಎಂಆರ್‌ಐ ಮೆದುಳಿನ ಯಾವ ಭಾಗಕ್ಕೆ ಎಷ್ಟು ಆಮ್ಲಜನಕದ ರಕ್ತ ಹೋಗುತ್ತಿದೆ ಎಂದು ನೋಡಿ ಭಾಗಗಳ ನಡುವಿನ ಹೊಂದಾಣಿಕೆ ಲೆಕ್ಕ ಹಾಕುತ್ತದೆ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೂ ಅದು ಬದಲಾಗುತ್ತದೆ. ಎಂಆರ್ ಸ್ಪೆಕ್ಟ್ರೋಸ್ಕೋಪಿ ಮೆದುಳಿನ ರಾಸಾಯನಿಕಗಳನ್ನು ಅಳೆಯುತ್ತದೆ. ಇಟಲಿಯ ಒಂದು ತಂಡ 2008ರಲ್ಲಿ ಇದನ್ನು ಬಳಸಿ ಒಂದು ಸ್ವಾರಸ್ಯದ ವಿಷಯ ಕಂಡಿತು. ತಲೆಗೆ ಪೆಟ್ಟಾದ ಕ್ರೀಡಾಪಟುಗಳು ತಾವು ಹುಷಾರಾದೆವು ಎಂದು ಹೇಳಿದ ಮೇಲೂ ಎನ್‌ಎಎ ಎಂಬ ರಾಸಾಯನಿಕ ಮಾಮೂಲಿಗೆ ಬರಲು ಸುಮಾರು 30 ದಿನ ಬೇಕಾಯಿತು. ಆಟಗಾರರನ್ನು ಬೇಗ ಮೈದಾನಕ್ಕೆ ಇಳಿಸಬಾರದು ಅನ್ನುವುದಕ್ಕೆ ಇಂಥ ಅಧ್ಯಯನಗಳು ಬಲ ಕೊಟ್ಟವು. ಎಂಇಜಿ ಮೆದುಳಿನ ಕಾಂತೀಯ ಅಲೆಗಳನ್ನು ಹಿಡಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರ ಇದೆ, ಮುಖ್ಯವಾಗಿ ಮೂರ್ಛೆರೋಗದ ಆಪರೇಶನ್‌ಗೆ ಮುಂಚೆ ಜಾಗ ಗುರುತಿಸಲು ಮತ್ತು ಸಂಶೋಧನೆಗೆ. ನಿಮ್ಮಂಥ ಕೇಸಿಗೆ ಹೋಗಿ ಮಾಡಿಸಿಕೊಳ್ಳುವ ಪರೀಕ್ಷೆ ಅದಲ್ಲ. ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ರಕ್ತದ ಹರಿವು ಕಡಿಮೆ ಕಾಣಬಹುದು, ಆದರೆ ಖಿನ್ನತೆಯಲ್ಲೂ ಕಡಿಮೆ ಕಾಣುತ್ತದೆ, ಮತ್ತು ಅದಕ್ಕೆ ವಿಕಿರಣದ ಇಂಜೆಕ್ಷನ್ ಬೇರೆ ಬೇಕು.

ರಕ್ತಪರೀಕ್ಷೆ ಬಂದಿದೆಯಂತೆ ಅಂತ ಕೆಲವರು ಕೇಳುತ್ತಾರೆ. ನಿಜ. ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಎರಡು ಪ್ರೋಟೀನ್ ಅಳೆಯುವ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2018ರಲ್ಲಿ ಮೊದಲು ಒಪ್ಪಿಗೆ ಕೊಟ್ಟಿತು, 2024ರಲ್ಲಿ ರೋಗಿಯ ಪಕ್ಕದಲ್ಲೇ ನಿಮಿಷಗಳಲ್ಲಿ ಮಾಡುವ ರೂಪವೂ ಬಂತು. ಮೇಲೆ ಹೇಳಿದ 2019ರ ಅಧ್ಯಯನದಲ್ಲಿ, ಸಿಟಿ ನಾರ್ಮಲ್ ಇದ್ದು ಎಂಆರ್‌ಐಯಲ್ಲಿ ಗುರುತು ಸಿಕ್ಕವರ ರಕ್ತದಲ್ಲಿ ಜಿಎಫ್‌ಎಪಿ ಹೆಚ್ಚಿತ್ತು. ಇದು ನಿಜಕ್ಕೂ ಭರವಸೆಯ ದಾರಿ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥದ್ದೊಂದು ಇದ್ದರೆ ಯಾರನ್ನು ದೂರದ ಊರಿಗೆ ಸ್ಕ್ಯಾನ್‌ಗೆ ಕಳಿಸಬೇಕು ಎಂದು ಮೊದಲ ಗಂಟೆಗಳಲ್ಲೇ ತೀರ್ಮಾನಿಸಬಹುದು, ಅದು ಬರಲಿ ಅಂತ ನನಗೆ ತುಂಬಾ ಆಸೆ. ಆದರೆ ಅದು ಪೆಟ್ಟಾದ ಮೊದಲ ದಿನದ ಪರೀಕ್ಷೆ. ಮೂರು ತಿಂಗಳಾದ ಮೇಲೆ ಅದರಿಂದ ನಿಮಗೆ ಏನೂ ಸಿಗುವುದಿಲ್ಲ.

ಕ್ಲೇಮ್ ವಿಷಯಕ್ಕೆ ಬರೋಣ. ನಾನು ವಕೀಲನಲ್ಲ, ರೇಡಿಯಾಲಜಿಸ್ಟ್ ಆಗಿ ಹೇಳಬಹುದಾದ್ದನ್ನು ಹೇಳುತ್ತೇನೆ. ಡಿಟಿಐ ರಿಪೋರ್ಟ್ ಹಿಡಿದು ಹೋದರೆ ಆ ಕಡೆಯ ವಕೀಲರು ಕೇಳುವ ಮೊದಲ ಪ್ರಶ್ನೆ, ‘ಈ ಬದಲಾವಣೆ ಅಪಘಾತದಿಂದಲೇ ಆಗಿದ್ದು, ಮೈಗ್ರೇನ್‌ನಿಂದ ಅಲ್ಲ, ವಯಸ್ಸಿನಿಂದ ಅಲ್ಲ ಅಂತ ಹೇಗೆ ಹೇಳ್ತೀರಿ ಡಾಕ್ಟರೇ?’ ಪ್ರಾಮಾಣಿಕವಾಗಿ ಉತ್ತರಿಸುವ ಯಾವ ರೇಡಿಯಾಲಜಿಸ್ಟ್ ಕೂಡ ಅದನ್ನು ಖಂಡಿತವಾಗಿ ಹೇಳಲಾರ. ಅದಕ್ಕಿಂತ ಗಟ್ಟಿ ಕಾಗದಗಳು ನಿಮ್ಮ ಹತ್ತಿರವೇ ಇರಬೇಕು. ಅಪಘಾತದ ರಾತ್ರಿಯ ಎಂಎಲ್‌ಸಿ ನೋಂದಣಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಎಂಬ ಆಸ್ಪತ್ರೆಯ ದಾಖಲೆ), ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ. ಎಚ್ಚರ ತಪ್ಪಿದ್ದು, ನೆನಪಿಲ್ಲದ್ದು ಅವುಗಳಲ್ಲಿ ಬರೆದಿದೆಯಾ ಎಂದು ಇವತ್ತೇ ನೋಡಿ. ಬರೆದಿಲ್ಲವಾದರೆ ಅವತ್ತಿನ ಕೇಸ್ ಶೀಟ್‌ನಲ್ಲಿ ಇದೆಯಾ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಪ್ರತಿ ಕೇಳಿ. ಶಾಲೆಯ ರಜೆಯ ದಾಖಲೆ ಇಟ್ಟುಕೊಳ್ಳಿ. ಇವುಗಳ ಜೊತೆಗೆ ನ್ಯೂರೋ ಸೈಕಾಲಜಿ ಪರೀಕ್ಷೆ ಮಾಡಿಸಿ. ಗಮನ, ನೆನಪು, ಕೆಲಸದ ವೇಗ ಇವನ್ನೆಲ್ಲ ಕೂರಿಸಿಕೊಂಡು ಗಂಟೆಗಟ್ಟಲೆ ಅಳೆಯುವ ಪರೀಕ್ಷೆ ಅದು. 2004ರ ನಿಮ್ಹಾನ್ಸ್ ನ್ಯೂರೋ ಸೈಕಾಲಜಿ ಬ್ಯಾಟರಿ, ಅಂದರೆ ಇಂಥ ಪರೀಕ್ಷೆಗಳ ಗುಚ್ಛ, ನಮ್ಮ ಜನರ ವಯಸ್ಸು, ಓದು ನೋಡಿ ಹೋಲಿಸುವ ಅಂಕಿಗಳ ಸಮೇತ ತಯಾರಾದದ್ದು. ನೋಟ್‌ಬುಕ್ ತಿದ್ದಲು ಯಾಕೆ ಹೊತ್ತು ಹಿಡಿಯುತ್ತದೆ, ಹೆಸರು ಯಾಕೆ ಮರೆತುಹೋಗುತ್ತದೆ ಎನ್ನುವುದಕ್ಕೆ ಉತ್ತರ ಸಿಗುವುದು ಅಲ್ಲೇ. ಕ್ಲೇಮ್‌ಗೂ ಅದು ಬೇಕಾಗುತ್ತದೆ, ಚಿಕಿತ್ಸೆಗೂ ಬೇಕಾಗುತ್ತದೆ.

ಮತ್ತೆ ನೆಂಟರ ಮಾತು. ಅವರಿಗೆ ಈ ಒಂದು ಅಂಕಿ ಹೇಳಿ: ಟ್ರ್ಯಾಕ್-ಟಿಬಿಐ 2019ರಲ್ಲಿ ಸೌಮ್ಯ ಪೆಟ್ಟಾದವರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದಾಗ 53% ಜನ ಇನ್ನೂ ದಿನದ ಕೆಲಸದಲ್ಲಿ ಏನಾದರೊಂದು ತೊಂದರೆ ಇದೆ ಎಂದರು. ಕೈಕಾಲು ಮೂಳೆಗೆ ಪೆಟ್ಟಾಗಿ ತಲೆಗೆ ಆಗದವರಲ್ಲಿ ಅದು 38%. ಎಲ್ಲರಿಗೂ ವರ್ಷಗಟ್ಟಲೆ ಇರುತ್ತದೆ ಅಂತಲ್ಲ, ಇವರೆಲ್ಲ ದೊಡ್ಡ ಟ್ರಾಮಾ ಆಸ್ಪತ್ರೆಗಳಿಗೆ ಬಂದವರು. ಮೂರು ತಿಂಗಳಿಗೆ ಹುಷಾರಾಗದಿರುವುದು ನಾಟಕವೂ ಅಲ್ಲ, ಅಪರೂಪವೂ ಅಲ್ಲ ಎನ್ನುವುದಕ್ಕೆ ಹೇಳಿದೆ. ಚಿಂತೆ, ನಿದ್ದೆಗೇಡು ಇವೂ ಇರಬಹುದು, ಇದ್ದರೆ ಅವಕ್ಕೂ ಔಷಧ ಮಾಡಬೇಕು. ಅದರಿಂದ ಪೆಟ್ಟು ಸುಳ್ಳಾಗುವುದಿಲ್ಲ.

ಈಗ ದುಡ್ಡು ಮತ್ತು ಸಮಯ ಎಲ್ಲಿ ಹಾಕಬೇಕು ಎಂದು ಹೇಳುತ್ತೇನೆ. ಮಗ್ಗುಲು ಬದಲಿಸಿದಾಗ ತಲೆ ತಿರುಗುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ಅಲ್ಲಿ. ತಲೆಗೆ ಪೆಟ್ಟಾದಾಗ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಬಹುದು. ಅದಕ್ಕೆ ಬಿಪಿಪಿವಿ ಎನ್ನುತ್ತಾರೆ. ಯಾವ ಸ್ಕ್ಯಾನ್‌ನಲ್ಲೂ ಇದು ಕಾಣುವುದಿಲ್ಲ. ಕಿವಿ-ಮೂಗು-ಗಂಟಲು ಡಾಕ್ಟರು ಬೆಂಚಿನ ಮೇಲೆ ತಲೆ ಒಂದು ಪಕ್ಕಕ್ಕೆ ತಿರುಗಿಸಿ ಬೇಗ ಮಲಗಿಸಿ ಕಣ್ಣಿನ ಓಡಾಟ ನೋಡಿದರೆ ಗೊತ್ತಾಗುತ್ತದೆ, ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತಾರೆ. ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ಹೋಗುತ್ತದೆ. ಈ ವಾರವೇ ತೋರಿಸಿ.

ತಲೆನೋವಿಗೆ ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತಿದ್ದಾರೆ ಎಂದು ಲೆಕ್ಕ ಇಡಿ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಮಾಮೂಲಿ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಉಳಿಸುತ್ತಿರಬಹುದು. ಕುತ್ತಿಗೆಯನ್ನೂ ಪರೀಕ್ಷೆ ಮಾಡಿಸಿ, ಬೈಕಿನಿಂದ ಬಿದ್ದಾಗ ಅದೂ ಎಳೆದಿರುತ್ತದೆ, ಆ ನೋವು ತಲೆಯ ಹಿಂಭಾಗಕ್ಕೆ ಏರುತ್ತದೆ, ಫಿಸಿಯೋಥೆರಪಿಗೆ ಬಗ್ಗುತ್ತದೆ. ಕತ್ತಲೆ ಕೋಣೆಯಲ್ಲಿ ಮಲಗಿಸಿ ಇಡಬೇಡಿ. 2022ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಕ್ರೀಡಾಪಟುಗಳ ವಿಷಯದಲ್ಲಿ ಹೇಳಿದ್ದು ಇಲ್ಲೂ ಸಲ್ಲುತ್ತದೆ: ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕು, ಆಮೇಲೆ ತೊಂದರೆ ವಿಪರೀತ ಏರದ ಹಾಗೆ ಮೆಲ್ಲಗೆ ನಡಿಗೆ, ಕೆಲಸ ಹೆಚ್ಚಿಸುತ್ತಾ ಹೋಗಬೇಕು. ದಿನಾ ಬೆಳಿಗ್ಗೆ ಸ್ವಲ್ಪ ಬಿರುಸಾಗಿ ನಡೆಯಲಿ. ಶಾಲೆಗೆ ಒಮ್ಮೆಲೇ ಪೂರ್ತಿ ದಿನ ಬೇಡ. ಮೊದಲ ಎರಡು ಪೀರಿಯಡ್, ಆಮೇಲೆ ಗದ್ದಲ ಇಲ್ಲದ ಜಾಗದಲ್ಲಿ ಹತ್ತು ನಿಮಿಷ, ಹೀಗೆ ಹೆಡ್ ಮಾಸ್ಟರ್ ಜೊತೆ ಮಾತಾಡಿ ಹೊಂದಿಸಿಕೊಳ್ಳಿ. ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಹೋದರೆ ಸುಲಭ. ಇನ್ನೊಂದು ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಿ, ತಲೆಸುತ್ತು ಹೋಗುವವರೆಗೆ ಸ್ಕೂಟರ್ ಓಡಿಸುವುದು ಬೇಡ.

ಕೊನೆಗೆ, ಮತ್ತೆ ಸಿಟಿ ಬೇಕೇ ಬೇಕು ಅನ್ನುವ ಸಂದರ್ಭಗಳಿವೆ. ತಲೆನೋವು ಇದ್ದ ಹಾಗೇ ಇರುವುದು ಬೇರೆ, ದಿನದಿಂದ ದಿನಕ್ಕೆ ಏರುತ್ತಾ ಹೋಗುವುದು ಬೇರೆ. ಮೊದಲ ಸಿಟಿ ನಾರ್ಮಲ್ ಇದ್ದವರಲ್ಲೂ ವಾರಗಳ ನಂತರ ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಸೇರಿಕೊಳ್ಳಬಹುದು. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ, ನಿಮ್ಮ ಮನೆಯವರ ವಯಸ್ಸಿಗೆ ಕಡಿಮೆ. ಆದರೂ ಏರುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಹಗಲಲ್ಲೂ ಎಬ್ಬಿಸಲು ಕಷ್ಟವಾಗುವಂಥ ನಿದ್ದೆ, ಒಂದು ಕೈ ಅಥವಾ ಕಾಲಿನಲ್ಲಿ ಬಲ ಕಡಿಮೆಯಾಗುವುದು, ಮಾತು ತೊದಲುವುದು, ಮೂರ್ಛೆ, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ದಿನ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಎದ್ದು ಕೂತರೆ ಜೋರಾಗಿ ಮಲಗಿದರೆ ಕಡಿಮೆಯಾಗುವ ತಲೆನೋವು, ಅಥವಾ ಬಗ್ಗಿದಾಗ ಮೂಗಿನಿಂದ ತಿಳಿನೀರು ಸೋರುವುದು ಇದ್ದರೆ ಅದನ್ನೂ ನ್ಯೂರೋ ಡಾಕ್ಟರಿಗೆ ಬಿಡಿಸಿ ಹೇಳಿ, ಅದಕ್ಕೆ ಮಾಡುವ ಪರೀಕ್ಷೆಗಳು ಬೇರೆ.